ಸೊನೋಮಾ–ಮೆಂಡೊಸಿನೊ ಕರಾವಳಿ: ಅಬಲೋನಿ ನೋಡಲು ದಡದಿಂದ ಎಲ್ಲಿ ಇಳಿಯಬಹುದು?

ಸ್ಯಾನ್ ಹೊಸೆಯಿಂದ ಬಂದ ಪ್ರಶ್ನೆ

ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ ದೋಣಿಯಿಲ್ಲದೆ, ದಡದಿಂದಲೇ ಇಳಿದು ಅಬಲೋನಿ (ಬಂಡೆಗೆ ಅಂಟಿ ಬದುಕುವ ದೊಡ್ಡ ಕಡಲ ಬಸವನಹುಳು) ಹಿಡಿಯುತ್ತಿದ್ದೆವೆಂದು ಕಚೇರಿಯ ಹಿರಿಯರೊಬ್ಬರು ಹೇಳಿದರು. ನನ್ನ ಪತಿ ಮಲ್ಪೆಯವರು, ಚಿಕ್ಕಂದಿನಿಂದ ಕಡಲಲ್ಲಿ ಈಜಿದವರು. ಉಸಿರು ಹಿಡಿದು ಮುಳುಗುವ ತರಬೇತಿಯನ್ನು ಇಬ್ಬರೂ ಪಡೆದಿದ್ದೇವೆ. ನಕ್ಷೆಯಲ್ಲಿ ನೋಡಿದರೆ ಎಲ್ಲೆಲ್ಲೂ ಬಂಡೆ, ಬೇಲಿ, ಖಾಸಗಿ ಮನೆಗಳು. ಎಲ್ಲಿ ಇಳಿಯಬಹುದು? ಹೋಗಿ ಬಂದವರು ದಯವಿಟ್ಟು ತಿಳಿಸಿ.

ಸ್ಯಾಂಟಾ ರೋಸಾದಿಂದ

ಮೊದಲು ಮುಖ್ಯವಾದ ಮಾತು: ಅಬಲೋನಿ ಹಿಡಿಯುವುದಕ್ಕೆ 2018ರಿಂದ ನಿಷೇಧವಿದೆ. ನಿಮ್ಮ ಹಿರಿಯರು ಹೇಳಿದ್ದು ಅದಕ್ಕೂ ಹಿಂದಿನ ಕಾಲ. ಆಗಲೂ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುವಂತಿರಲಿಲ್ಲ. ಉಸಿರು ಹಿಡಿದೇ ಮುಳುಗಬೇಕಿತ್ತು, ಚಿಪ್ಪು 7 ಇಂಚಿಗಿಂತ ಚಿಕ್ಕದಾಗಿದ್ದರೆ ಮುಟ್ಟುವಂತಿರಲಿಲ್ಲ. ಇಷ್ಟು ಕಟ್ಟುನಿಟ್ಟಿದ್ದರೂ ಸಂತತಿ ಕುಸಿಯಿತು. 2013ರಿಂದ ನಕ್ಷತ್ರಮೀನುಗಳಿಗೆ ರೋಗ ಬಡಿದು, ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂತಹ ಕಡಲಜೀವಿಗಳನ್ನು ತಿನ್ನುತ್ತಿದ್ದ ದೊಡ್ಡ ಸೂರ್ಯಕಾಂತಿ ನಕ್ಷತ್ರಮೀನು ಇಲ್ಲಿಂದ ಬಹುತೇಕ ಕಣ್ಮರೆಯಾಯಿತು. ಅದರ ಬೆನ್ನಿಗೇ ಸಮುದ್ರದ ನೀರು ಬಿಸಿಯಾಯಿತು. ನೇರಳೆ ಅರ್ಚಿನ್‌ಗಳು ಎಣೆಯಿಲ್ಲದೆ ಹೆಚ್ಚಿ ಕೆಲ್ಪ್ ಎಂಬ ಕಡಲಕಳೆಯ ಕಾಡನ್ನೇ ಮೇಯ್ದು ಮುಗಿಸಿದವು. ಕೆಲ್ಪ್ ತಿಂದೇ ಬದುಕುವ ಅಬಲೋನಿಗಳು ಹಸಿವಿನಿಂದ ಸತ್ತವು.

ಆದರೂ ಹೋಗಿ ಎಂದೇ ಹೇಳುತ್ತೇನೆ. ನೋಡುವುದಕ್ಕೆ ಅಡ್ಡಿಯಿಲ್ಲ. ಗಟ್ಟಿಯಾಗಿರುವ ಅಬಲೋನಿ ಬಂಡೆಯಿಂದ ಚಿಪ್ಪನ್ನು ತುಸು ಎತ್ತಿಕೊಂಡಿರುತ್ತದೆ, ಅಂಚಿನುದ್ದಕ್ಕೂ ಕಪ್ಪು ಎಳೆಗಳು ಅಲುಗಾಡುತ್ತಿರುತ್ತವೆ. ಅದಕ್ಕೆ ನೀವು ಬಂದದ್ದು ಗೊತ್ತಾದೊಡನೆ ಚಿಪ್ಪು ಬಂಡೆಗೆ ಕಚ್ಚಿಕೊಂಡು, ಬಂಡೆಯ ಒಂದು ಉಬ್ಬಿನಂತೆಯೇ ಕಾಣುತ್ತದೆ. ಸೊರಗಿದ ಅಬಲೋನಿಗೆ ಹಾಗೆ ಕಚ್ಚಿಕೊಳ್ಳುವ ಶಕ್ತಿ ಇರುವುದಿಲ್ಲ, ಅದರ ಪಾದ ಚಿಪ್ಪಿನೊಳಗೆ ಸುಕ್ಕುಗಟ್ಟಿರುತ್ತದೆ. ಯಾವುದನ್ನೂ ಬಂಡೆಯಿಂದ ಕೀಳಬೇಡಿ. ಅಬಲೋನಿಯ ರಕ್ತ ಹೆಪ್ಪುಗಟ್ಟುವುದಿಲ್ಲ, ಸಣ್ಣ ಗಾಯವೂ ಅದರ ಜೀವ ತೆಗೆಯಬಹುದು.

ಜಾಗ ಕೇಳಿದಿರಿ. ಹೊಸಬರಿಗೆ ನಾನು ಹೇಳುವುದು ಸಾಲ್ಟ್ ಪಾಯಿಂಟ್ ರಾಜ್ಯ ಉದ್ಯಾನದ ಗರ್ಸಲ್ ಕೋವ್ ಎಂಬ ಕಿರುಕೊಲ್ಲಿ. ವಾಯವ್ಯದ ಅಲೆಗಳಿಗೆ ಭೂಶಿರವೇ ತಡೆಗೋಡೆ. ಒಳಭಾಗ ಪೂರ್ತಿ ರಕ್ಷಿತ ಪ್ರದೇಶ, ಏನನ್ನೂ ತೆಗೆಯುವಂತಿಲ್ಲ. ಇಳಿಯುವಾಗ ದುಂಡುಕಲ್ಲುಗಳ ಮೇಲೆ ಕಾಲು ನಿಲ್ಲುವುದು ಕಷ್ಟ. ನೀರು ಸೊಂಟದ ಮಟ್ಟಕ್ಕೆ ಬರುವವರೆಗೆ ಫಿನ್ (ಕಾಲಿನ ಈಜುರೆಕ್ಕೆ) ಹಾಕಿಕೊಳ್ಳಬೇಡಿ. ಅದಕ್ಕಿಂತ ಸ್ವಲ್ಪ ದಕ್ಷಿಣಕ್ಕೆ ಸ್ಟಿಲ್‌ವಾಟರ್ ಕೋವ್ ಇದೆ. ಅದೂ ಮರೆಯ ಜಾಗ, ಆದರೆ ಮೇಲೆ ಕಾರು ನಿಲ್ಲಿಸಿ ಹೆದ್ದಾರಿ ದಾಟಿ ಸಾಮಾನು ಹೊತ್ತು ನಡೆಯಬೇಕು.

ಫ್ರೀಮಾಂಟ್‌ನಿಂದ

ಮಕ್ಕಳೊಂದಿಗೆ ಹೋಗುವವರಿಗೆ ವ್ಯಾನ್ ಡ್ಯಾಮ್ ಉದ್ಯಾನದ ಕಡಲತೀರಕ್ಕೆ ಸಮನಾದುದಿಲ್ಲ. ಮೆಂಡೊಸಿನೊ ಊರಿನ ದಕ್ಷಿಣಕ್ಕೆ, ಒಂದನೇ ಹೆದ್ದಾರಿಯ ಪಕ್ಕದಲ್ಲೇ ಇದೆ. ಕಾರಿನಿಂದ ಇಳಿದರೆ ಮರಳು, ಮರಳು ದಾಟಿದರೆ ನೀರು. ದೂರ ಎಂದು ಹಿಂಜರಿಯಬೇಡಿ, ರಾತ್ರಿ ಉಳಿಯುವ ಯೋಜನೆ ಹಾಕಿಕೊಳ್ಳಿ. ಡೈವ್ ಮಾಡಿ ದಣಿದ ಮೇಲೆ ಅಷ್ಟು ತಿರುವಿನ ರಸ್ತೆಯಲ್ಲಿ ಅದೇ ದಿನ ಹಿಂದಿರುಗುವುದು ಬೇಡ.

ಓಕ್‌ಲ್ಯಾಂಡ್‌ನಿಂದ

ಬೇಲಿಯ ವಿಷಯಕ್ಕೆ ನನ್ನದೊಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಸರಾಸರಿ ಉಬ್ಬರದ ಗೆರೆಯಿಂದ ಕೆಳಗಿನ ಒದ್ದೆ ದಡ ಸಾರ್ವಜನಿಕರದು. ಅಲ್ಲಿಗೆ ತಲುಪುವ ದಾರಿ ಮಾತ್ರ ಎಲ್ಲ ಕಡೆಯೂ ಸಾರ್ವಜನಿಕವಲ್ಲ, ತಕರಾರು ಹುಟ್ಟುವುದೇ ಅಲ್ಲಿ. ಗುವಾಲಾಲಾದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್ ಹಬ್ಬಿರುವ ಸೀ ರಾಂಚ್ ಬಡಾವಣೆಯಲ್ಲಿ ಈ ಜಗಳ ವರ್ಷಗಟ್ಟಲೆ ನಡೆಯಿತು. 1972ರಲ್ಲಿ ಮತದಾರರೇ ಕರಾವಳಿ ಆಯೋಗ ರಚಿಸುವ ಪ್ರಸ್ತಾವವನ್ನು ಗೆಲ್ಲಿಸಿದರು, 1976ರಲ್ಲಿ ಕರಾವಳಿ ಕಾಯ್ದೆ ಬಂತು, 1980ರಲ್ಲಿ ಸೀ ರಾಂಚ್‌ಗಾಗಿಯೇ ರಾಜ್ಯ ಶಾಸನಸಭೆ ಕಾನೂನು ಮಾಡಿತು. ಬ್ಲ್ಯಾಕ್ ಪಾಯಿಂಟ್, ಶೆಲ್ ಬೀಚ್ ಮುಂತಾದ ಕಾಲುದಾರಿಗಳು ನಮಗೆ ಸಿಕ್ಕಿದ್ದು ಹೀಗೆ. ಅಷ್ಟು ಹೋರಾಡಿ ಪಡೆದ ದಾರಿಗಳನ್ನು ಬಳಸುವುದು ನಮ್ಮ ಹಕ್ಕು, ಅವುಗಳನ್ನು ಬಿಟ್ಟು ಯಾರದೋ ಅಂಗಳದಲ್ಲಿ ನುಗ್ಗದಿರುವುದು ನಮ್ಮ ಹೊಣೆ. ಬರಿಗಾಲು ಮತ್ತು ಅಲೆಯ ಚಿತ್ರವಿರುವ ಫಲಕ ಕಂಡರೆ ಅದು ಅಧಿಕೃತ ದಾರಿ.

ಪೆಟಲೂಮಾದಿಂದ

ಹಗ್ಗ ಹಿಡಿದು ಬಂಡೆಯಿಂದ ಇಳಿಯುವ ಜಾಗಗಳ ಬಗ್ಗೆಯೂ ಯಾರಾದರೂ ನಿಮಗೆ ಹೇಳಬಹುದು. ಅವರ ಮಾತು ಕೇಳಬೇಡಿ. ಈ ಕರಾವಳಿಯಲ್ಲಿ ಅಬಲೋನಿ ಹುಡುಕಿಕೊಂಡು ಹೋದ ಹಲವರು ಜೀವ ಕಳೆದುಕೊಂಡಿದ್ದಾರೆ, ಅವರಲ್ಲಿ ಒಳ್ಳೆಯ ಈಜುಗಾರರೂ ಇದ್ದರು. ಇಳಿಯುವ ಜಾಗಕ್ಕಿಂತ ಮೊದಲು ಹತ್ತುವ ಜಾಗ ನೋಡಿಕೊಳ್ಳಬೇಕು. ಅದೂ ಎರಡು ಇರಬೇಕು: ಅಲೆ ಹೆಚ್ಚಿ ಒಂದು ಮುಚ್ಚಿಹೋದರೆ ಈಜಿ ತಲುಪಬಹುದಾದ ಇನ್ನೊಂದು.

ಹೊರಡುವ ಹಿಂದಿನ ರಾತ್ರಿ ಬೊಡೇಗಾ ಬೇ ಮತ್ತು ಪಾಯಿಂಟ್ ಅರೀನಾ ಬಳಿ ತೇಲುವ ಅಲೆಮಾಪಕಗಳ ವರದಿ ನೋಡಿ. ಅಲೆಯ ಎತ್ತರದ ಜೊತೆಗೆ ಅವಧಿ ಮತ್ತು ದಿಕ್ಕನ್ನೂ ನೋಡಬೇಕು. 8 ಸೆಕೆಂಡ್ ಅಂತರದ ಅಲೆಗಿಂತ, ಅಷ್ಟೇ ಎತ್ತರದ 16 ಸೆಕೆಂಡ್ ಅಂತರದ ಅಲೆ ಬಹಳ ಹೆಚ್ಚು ನೀರನ್ನು ದಡಕ್ಕೆ ನೂಕುತ್ತದೆ. ಅಂತಹ ಅಲೆ ಬಹಳ ಹೊತ್ತು ಸುಮ್ಮನಿದ್ದು, ಇದ್ದಕ್ಕಿದ್ದಂತೆ ಸಾಲಾಗಿ ಎದ್ದು ಬರುತ್ತದೆ. ಅದಕ್ಕೇ ದಡ ಸೇರಿದ ಮೇಲೆ ವೆಟ್‌ಸೂಟ್ ಹಾಕುವ ಮೊದಲು ಅರ್ಧ ಗಂಟೆ ಕುಳಿತು ನೀರನ್ನೇ ನೋಡಿ. ವಾಯವ್ಯದ ಅಲೆಗೆ ಮರೆಯಾಗಿರುವ ಕಿರುಕೊಲ್ಲಿ ದಕ್ಷಿಣದ ಅಲೆಗೆ ಬಾಯಿ ತೆರೆದುಕೊಂಡಿರುತ್ತದೆ. ಆದ್ದರಿಂದ ಸದಾ ಸುರಕ್ಷಿತವಾದ ಜಾಗ ಎಂಬುದೊಂದು ಇಲ್ಲ, ಇವತ್ತಿನ ಅಲೆಗೆ ಸುರಕ್ಷಿತವಾದ ಜಾಗ ಇರುತ್ತದೆ ಅಷ್ಟೇ.

ನಿಮ್ಮ ಯಜಮಾನರಿಗೆ ಇದನ್ನು ಹೇಳಿ: ಮಲ್ಪೆಯಲ್ಲಿ ಮಳೆಗಾಲದ ಕಡಲಿಗೆ ಎಷ್ಟು ಹೆದರುತ್ತಾರೋ, ಇಲ್ಲಿ ಚಳಿಗಾಲದ ಕಡಲಿಗೆ ಅಷ್ಟು ಹೆದರಬೇಕು. ನೀರು ವರ್ಷದ ಬಹುಪಾಲು 10ರಿಂದ 13 ಡಿಗ್ರಿ ಸೆಲ್ಸಿಯಸ್. 7 ಮಿಲಿಮೀಟರ್ ದಪ್ಪದ ಸೂಟು, ಟೋಪಿ, ಕೈಗವಸು ಬೇಕೇ ಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಾಳಿ ತಗ್ಗಿ ನೀರು ತಿಳಿಯಾಗುವುದು ಹೆಚ್ಚು. ಒಬ್ಬರು ಕೆಳಗಿದ್ದಾಗ ಇನ್ನೊಬ್ಬರು ಮೇಲೆಯೇ ಇರಬೇಕು. ಕೆಲ್ಪ್ ಸುತ್ತಿಕೊಂಡರೆ ಒದ್ದಾಡಬೇಡಿ, ನಿಧಾನವಾಗಿ ಬಿಡಿಸಿಕೊಳ್ಳಿ. ಎಳೆಯನ್ನು ಮಡಚಿದರೆ ಪಟ್ಟನೆ ಮುರಿಯುತ್ತದೆ.

ಸ್ಯಾನ್ ಹೊಸೆಯಿಂದ ಮತ್ತೆ

ಎಲ್ಲರಿಗೂ ಧನ್ಯವಾದಗಳು. ಗರ್ಸಲ್ ಕೋವ್ ಎಂದು ನಿರ್ಧರಿಸಿದ್ದೇವೆ, ಸೆಪ್ಟೆಂಬರ್‌ನಲ್ಲಿ. ಅಬಲೋನಿಗೆ ನೆರವಾಗುವುದಾದರೆ ನೇರಳೆ ಅರ್ಚಿನ್‌ಗಳನ್ನು ನಾವು ತೆಗೆಯಬಹುದೇ?

ಸ್ಯಾಂಟಾ ರೋಸಾದಿಂದ

ಗರ್ಸಲ್ ಕೋವ್‌ನ ರಕ್ಷಿತ ಭಾಗದಲ್ಲಿ ಖಂಡಿತ ಇಲ್ಲ. ಬೇರೆಡೆ ತೆಗೆಯಬಹುದು, ಆದರೆ 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮೀನುಗಾರಿಕೆ ಪರವಾನಗಿ ಬೇಕು. ಫೋರ್ಟ್ ಬ್ರ್ಯಾಗ್ ಬಳಿಯ ಕ್ಯಾಸ್ಪರ್ ಕೋವ್‌ನಲ್ಲಿ ಸ್ವಯಂಸೇವಕ ಡೈವರ್‌ಗಳು ಅರ್ಚಿನ್ ತೆರವು ಮಾಡಿ ಕೆಲ್ಪ್ ಮರಳಿ ಬೆಳೆಯಲು ಅವಕಾಶ ಮಾಡಿಕೊಟ್ಟಿದ್ದಾರೆ. ಮಿತಿ, ವಿಧಾನಗಳ ನಿಯಮ ಬದಲಾಗುತ್ತಿರುತ್ತದೆ. ಹೊರಡುವ ವಾರ ರಾಜ್ಯ ಮೀನು ಮತ್ತು ವನ್ಯಜೀವಿ ಇಲಾಖೆಯ ಪ್ರಕಟಣೆ ಓದಿಕೊಳ್ಳಿ. ಉದ್ಯಾನದ ಆಸುಪಾಸಿನಲ್ಲಿ ಮೊಬೈಲ್ ಸಂಪರ್ಕ ಸರಿಯಾಗಿ ಸಿಗುವುದಿಲ್ಲ, ಬೇಕಾದುದನ್ನು ಮನೆಯಲ್ಲೇ ಇಳಿಸಿಟ್ಟುಕೊಂಡು ಬನ್ನಿ.