ಅಪ್‌ಡೇಟ್: ಅಲಿಯಾ ಕಾಗದಪತ್ರ, ಅಪೊಸ್ಟಿಲ್ ಗೊಂದಲ ಬಗೆಹರಿಯಿತು

ಅಮೆರಿಕದಿಂದ ಇಸ್ರೇಲ್‌ಗೆ ನೆಲೆಸಲು (ಇದಕ್ಕೇ ‘ಅಲಿಯಾ’ ಅನ್ನುವುದು) ಹೊರಟ ಯಹೂದಿ ಕುಟುಂಬದ ಎಫ್‌ಬಿಐ ವರದಿ (ಅಪರಾಧ ಹಿನ್ನೆಲೆಯ ದಾಖಲೆ) ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಮಾನ್ಯವಾಗಲು ಬೇಕಾದ ಸರ್ಕಾರಿ ದೃಢೀಕರಣ, ಆಗದೆ ವಾಪಸ್ ಬಂದದ್ದೇಕೆ ಅಂತ ಕೇಳಿದ್ದೆ. ಕಾರಣ ಸಿಕ್ಕಿತು. ಜನನ ಪ್ರಮಾಣಪತ್ರಕ್ಕೆ ಅದನ್ನು ಕೊಟ್ಟ ರಾಜ್ಯವೇ ಅಪೊಸ್ಟಿಲ್ ಹಾಕುತ್ತದೆ; ಎಫ್‌ಬಿಐ ವರದಿ ಕೇಂದ್ರ ಸರ್ಕಾರದ ಕಾಗದ, ಅದಕ್ಕೆ ಅಮೆರಿಕದ ವಿದೇಶಾಂಗ ಇಲಾಖೆಯದ್ದೇ ಬೇಕು. ಎರಡನ್ನೂ ಒಂದೇ ಲಕೋಟೆಯಲ್ಲಿ ರಾಜ್ಯಕ್ಕೆ ಕಳಿಸಿದ್ದೇ ಎಡವಟ್ಟು. ಈಗ ಎರಡೂ ಬೇರೆ ಬೇರೆಯಾಗಿ ಅಪೊಸ್ಟಿಲ್ ಆಗಿ ಬಂದಿವೆ.

ಸ್ಕ್ಯಾನ್ ಮಾಡುವ ಆತುರದಲ್ಲಿ ಅಪೊಸ್ಟಿಲ್ ಹಾಳೆಯ ಸ್ಟೇಪಲ್ ಪಿನ್ ಕೀಳಬೇಡಿ, ಕಿತ್ತರೆ ಕಾಗದವೇ ಅಮಾನ್ಯವಾಗಬಹುದು. ಹಾಳೆ ಮಡಚಿಯೇ ಸ್ಕ್ಯಾನ್ ಮಾಡಿ.

ಇನ್ನೊಂದು: ‘ಸಲ್ ಕ್ಲಿಟಾ’ (ಹೊಸದಾಗಿ ನೆಲೆಸುವವರಿಗೆ ಇಸ್ರೇಲ್ ಸರ್ಕಾರ ಕೊಡುವ ಹಣ) ನೆರವಿನ ತಿಂಗಳ ಕಂತುಗಳು ಇಸ್ರೇಲಿ ಬ್ಯಾಂಕ್ ಖಾತೆಗೇ ಬರುವುದು. ಖಾತೆ ತೆರೆಯುವಾಗ ಅಮೆರಿಕನ್ನರಿಂದ ಅಮೆರಿಕದ ತೆರಿಗೆ ಗುರುತಿನ ಡಬ್ಲ್ಯು-9 ಫಾರಂ ಕೇಳುತ್ತಾರೆ. ಅದರಲ್ಲಿ ಬರೆಯಲು ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೈಯಲ್ಲಿರಲಿ. 110 ವೋಲ್ಟ್ ಮಿಕ್ಸಿ ಅಮೆರಿಕದಲ್ಲೇ ಬಿಟ್ಟುಬನ್ನಿ, ಇಸ್ರೇಲ್‌ನಲ್ಲಿ 230.