ಸಹಾಯ ಬೇಕು: ಮಲಯ್ ಹಳ್ಳಿಮನೆಗಳ ಅಂಗಳ ನೋಡಬೇಕು

ಮಲೇಷ್ಯಾದಲ್ಲಿರುವ ಕನ್ನಡಿಗರೇ, ನಮಸ್ಕಾರ. ಮಲಯ್ ಕಂಪೊಂಗ್‌ಗಳ, ಅಂದರೆ ಹಳ್ಳಿಗಳ ಬಗ್ಗೆ ಬರೆಯುತ್ತಿದ್ದೇನೆ. ಕಂಬಗಳ ಮೇಲೆ ನಿಂತ ಮರದ ಮನೆಗಳ ಬಗ್ಗೆ ಮಾಹಿತಿ ಬೇಕಾದಷ್ಟು ಸಿಗುತ್ತದೆ. ನನಗೆ ಬೇಕಿರುವುದು ಅಂಗಳದ ವಿಷಯ. ಅಲ್ಲಿ ಎತ್ತರದ ಗೋಡೆ ಇರುವುದಿಲ್ಲ. ತೆಂಗು, ರಂಬುಟಾನ್ ಮರಗಳ ನಡುವೆ ನೆರೆಯವರು ಸಲೀಸಾಗಿ ಓಡಾಡುತ್ತಾರೆ. ಮೆಟ್ಟಿಲ ಬಳಿ ಕಾಲು ತೊಳೆಯಲು ನೀರಿನ ಗುಡಾಣ. ಮದುವೆ ಅಡುಗೆಯನ್ನೂ ಊರವರೆಲ್ಲ ಸೇರಿ ಅಲ್ಲೇ ಮಾಡುತ್ತಾರೆ. ಮನೆಯನ್ನಾದರೆ ಬಿಚ್ಚಿ ಬೇರೆಡೆ ಜೋಡಿಸಬಹುದು. ಕೌಲಾಲಂಪುರದಲ್ಲಿರುವ ರುಮಾ ಪೆಂಗುಲು ಅಬು ಸೆಮಾನ್ ಎಂಬ ಹಳೆಯ ಮರದ ಮನೆ ಹಾಗೆ ಕೆಡಾ ರಾಜ್ಯದಿಂದ ಬಂದದ್ದು. ಅಂಗಳವನ್ನು ಹಾಗೆ ತರಲಾಗದು, ಅಲ್ವಾ?

ಮಲಾಕಾದ ಕಂಪೊಂಗ್ ಮೋರ್ಟನ್ ಗೊತ್ತು. ಕೆಡಾ, ಪೆರಾಕ್ ಕಡೆ ಇಂಥ ಅಂಗಳ ಇನ್ನೂ ಬಳಕೆಯಲ್ಲಿರುವ ಹಳ್ಳಿಗಳಿದ್ದರೆ ದಯವಿಟ್ಟು ತಿಳಿಸಿ. ಮನೆಯವರ ಒಪ್ಪಿಗೆ ಕೇಳಲು ಮಲಯ್ ಬಲ್ಲವರು ಯಾರಾದರೂ ಜೊತೆಗೆ ಬಂದರೆ ದೊಡ್ಡ ಉಪಕಾರ.