ಪದಚರ್ಚೆ: ‘ಅಣು’ ಯಾವುದು? ಕ್ವಾಂಟಮ್‌ಗೆ ‘ಕಂತು’ ಆದೀತೇ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಶಹಾಪುರದಲ್ಲಿ ಕೂತು ಪಿಯುಸಿ ಹುಡುಗರಿಗಾಗಿ ಒಂದು ಪುಸ್ತಿಕೆ ಬರೆಯುತ್ತಿದ್ದೇನೆ. ಕ್ವಾಂಟಮ್ ಮತ್ತು ಕಣಗಳ ಭೌತವಿಜ್ಞಾನ, ಅದರಲ್ಲೂ ಮೊದಲ ಮೆಟ್ಟಿಲು ಮಾತ್ರ. ಗಣಿತ ಕಡಿಮೆ, ಮಾತು ಜಾಸ್ತಿ. ಹಾಗಾಗಿ ಪದಗಳದ್ದೇ ತಲೆನೋವು. ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ.

ಮೊದಲನೆಯದು ‘ಅಣು’. ಬೇರೆ ಊರಲ್ಲಿ ಇದು ಪ್ರಶ್ನೆಯೇ ಅಲ್ಲ. ನಮ್ಮಲ್ಲಿ ಕನ್ನಡ ಶಾಲೆಯ ಹುಡುಗ, ಮರಾಠಿ ಶಾಲೆಯಿಂದ ಬಂದ ಹುಡುಗ ಒಂದೇ ಬೆಂಚಿನಲ್ಲಿ ಇರುತ್ತಾರೆ. ನೀರಿನ ಒಂದು ಅಣುವಿನಲ್ಲಿ ಎಷ್ಟು ಪರಮಾಣು ಅಂತ ಕೇಳಿ. ಕನ್ನಡದವನು ‘ಮೂರು’ ಅಂತಾನೆ. ಮರಾಠಿಯವನು ‘ಸರ, ಅಣುವಿನ ಒಳಗ ಅಣು ಹೆಂಗ ಇರ್ತದ್ರೀ?’ ಅಂತಾನೆ. ಅವನ ಪುಸ್ತಕದಲ್ಲಿ ಅಣು ಅಂದರೆ ನಮ್ಮ ಪರಮಾಣು. ನಮ್ಮ ಅಣುವಿಗೆ ಅವರು ರೇಣು ಅನ್ನುತ್ತಾರೆ. ಹಿಂದಿಯವರು ಮಾತ್ರ ನಮ್ಮ ಹಾಗೆಯೇ ಅಣು, ಪರಮಾಣು ಅಂತ ಬರೆಯುತ್ತಾರೆ.

ಮರಾಠಿಯವರ ಆಯ್ಕೆಗೂ ಆಧಾರ ಇದೆ. ಕಣಾದನ ವೈಶೇಷಿಕ ದರ್ಶನದಲ್ಲಿ ಎರಡು ಪರಮಾಣು ಸೇರಿದರೆ ದ್ವ್ಯಣುಕ, ಮೂರು ದ್ವ್ಯಣುಕ ಸೇರಿದರೆ ತ್ರ್ಯಣುಕ. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ತೇಲುವ ಧೂಳಿನ ಚುಕ್ಕೆ ಇದೆಯಲ್ಲ, ಅದೇ ತ್ರ್ಯಣುಕ. ಅದಕ್ಕೆ ತ್ರಸರೇಣು ಅಂತಲೂ ಹೆಸರು. ಅಂದರೆ ಅಣುಗಳು ಕೂಡಿ ಆದದ್ದು ರೇಣು. ಹರಿಕಥೆಯಲ್ಲಿ ‘ಅಣು ರೇಣು ತೃಣ ಕಾಷ್ಠ’ ಅಂತ ಕೇಳಿದವರಿಗೆ ಈ ಕ್ರಮ ಹೊಸದಲ್ಲ.

ನಮ್ಮ ಕಡೆಯ ಗೊಂದಲ ಇನ್ನೊಂದಿದೆ. ಪಠ್ಯಪುಸ್ತಕದಲ್ಲಿ ಅಣು, ಪರಮಾಣು ಬೇರೆ ಬೇರೆ. ಪತ್ರಿಕೆ ತೆರೆದರೆ ಅಣುಬಾಂಬ್, ಅಣುಶಕ್ತಿ, ಕೈಗಾದ ಅಣು ವಿದ್ಯುತ್ ಸ್ಥಾವರ. ಕೈಗಾದಲ್ಲಿ ಒಡೆಯುವುದು ಅಣುವನ್ನಲ್ಲ, ಯುರೇನಿಯಂ ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸನ್ನು. ಪಠ್ಯದ ಅರ್ಥವನ್ನೇ ಹಿಡಿದರೆ ಒಲೆಯಲ್ಲಿ ಕಟ್ಟಿಗೆ ಉರಿದಾಗ ಬರುವುದು ಅಣುಶಕ್ತಿ! ಅಲ್ಲಿ ಬದಲಾಗುವುದು ಅಣುಗಳೇ ಅಲ್ವಾ? ನಾನು ಪಠ್ಯದ ಪದಗಳನ್ನೇ ಇಟ್ಟುಕೊಂಡು, ಮರಾಠಿ ಹುಡುಗರಿಗಾಗಿ ಪುಟದ ಅಂಚಿನಲ್ಲಿ ಒಂದು ಸಾಲು ಹಾಕಬೇಕೆಂದಿದ್ದೇನೆ. ನ್ಯೂಕ್ಲಿಯರ್ ಅನ್ನುವುದಕ್ಕೆ ‘ಬೈಜಿಕ’ ಪಠ್ಯದಲ್ಲಿದೆ. ಹುಡುಗರ ಬಾಯಲ್ಲಿ ಅದು ನಿಲ್ಲುತ್ತದೆಯೇ? ನಿಮ್ಮ ಅನುಭವ ಹೇಳಿ.

‘ಕಣ’ದ ಬಗ್ಗೆ ಜಾಸ್ತಿ ತಕರಾರಿಲ್ಲ. ವಿಜಯಪುರದವರಿಗೆ ಕಣ ಅಂದರೆ ಜೋಳದ ರಾಶಿ ಮಾಡುವ ಜಾಗ, ಗುಳೇದಗುಡ್ಡದ ಕಡೆ ಕುಪ್ಪಸದ ಬಟ್ಟೆ, ಚುನಾವಣೆ ಬಂದರೆ ಇನ್ನೊಂದು ಕಣ. ಇರಲಿ. ಎಲೆಕ್ಟ್ರಾನ್ ಪಕ್ಕದಲ್ಲಿ ಕಣ ಅಂದರೆ ಯಾರೂ ರಾಶಿಗೆ ಹೊರಡುವುದಿಲ್ಲ.

ಈಗ ದೊಡ್ಡ ಪ್ರಶ್ನೆ: ಕ್ವಾಂಟಮ್. ಹುಡುಗರಲ್ಲಿ ಹೆಚ್ಚಿನವರು ಇದನ್ನು ‘ತುಂಬಾ ಸಣ್ಣದು’ ಅಂತ ತಿಳಿದಿದ್ದಾರೆ. ಕೆಲವರಿಗೆ ಅದೊಂದು ಕಣದ ಹೆಸರು. ಲ್ಯಾಟಿನ್‌ನಲ್ಲಿ ಅದು ಬರೀ ‘ಎಷ್ಟು’ ಅನ್ನುವ ಪದ. 1900ರ ಡಿಸೆಂಬರ್‌ನಲ್ಲಿ ಮ್ಯಾಕ್ಸ್ ಪ್ಲಾಂಕ್ ಕಾದ ವಸ್ತುವಿನಿಂದ ಹೊಮ್ಮುವ ಬೆಳಕಿನ ಲೆಕ್ಕ ಸರಿಹೊಂದಿಸಲು, ಶಕ್ತಿ ಇಡಿಯಾದ ಪಾಲುಗಳಲ್ಲಿ ಇದೆ ಎಂದು ಹಿಡಿದರು. ಒಂದು ಪಾಲು, ಎರಡು ಪಾಲು, ಮೂರು ಪಾಲು. ಒಂದೂವರೆ ಇಲ್ಲ. 1905ರಲ್ಲಿ ಐನ್‌ಸ್ಟೈನ್ ಇನ್ನೂ ಮುಂದೆ ಹೋಗಿ, ಬೆಳಕೇ ಇಂಥ ಪಾಲುಗಳಾಗಿ ಬರುತ್ತದೆ ಎಂದರು. ಹಾಗಾಗಿ ನಮಗೆ ಬೇಕಾದದ್ದು ‘ಸಣ್ಣ’ ಅನ್ನುವ ಪದವಲ್ಲ, ‘ಇಡಿಯಾಗಿ ಮಾತ್ರ ಸಿಗುವ ಪಾಲು’ ಅನ್ನುವ ಪದ.

ಕೆಲವರು ‘ಶಕಲ’ ಬಳಸಿದ್ದಾರೆ. ಚೂರು ಅಂತ ಅದರ ಅರ್ಥ. ಆದರೆ ಚೂರು ಅಂದರೆ ಇಡಿಯದ್ದು ಒಡೆದು ಆದದ್ದು. ಬೆಳಕಿನ ಒಂದು ಪಾಲಿಗೆ ಫೋಟಾನ್ ಅಂತಾರೆ, ಅದು ಯಾವುದರ ಚೂರೂ ಅಲ್ಲ. ‘ಶಕ್ತಿಯ ಪೊಟ್ಟಣ’ ಚೆನ್ನಾಗಿದೆ, ಆದರೆ ನಮ್ಮ ಕಡೆ ಪೊಟ್ಟಣ ಅನ್ನುವವರು ಕಡಿಮೆ, ಪಾಕೀಟು ಅಂತಾರೆ. ಪಾಕೀಟಿನಲ್ಲಿ ಏನನ್ನೋ ತುಂಬಿಡುತ್ತೇವೆ. ಇಲ್ಲಿ ತುಂಬಿದ್ದೂ ಚೀಲವೂ ಬೇರೆ ಬೇರೆಯಲ್ಲ. ಮರಾಠಿಯವರ ‘ಪುಂಜ’ ಕನ್ನಡದಲ್ಲಿ ರಾಶಿಯ ಅರ್ಥ ಕೊಡುತ್ತದೆ, ಅದು ತೀರಾ ಉಲ್ಟಾ.

ನನಗೆ ಹೊಳೆದದ್ದು ‘ಕಂತು’. ಉಚ್ಚಾರವೂ ಹತ್ತಿರ, ಅದು ಬರೀ ಕಾಕತಾಳೀಯ ಅಂತ ಗೊತ್ತು. ಪತ್ತಿನ ಸಂಘದಲ್ಲಿ ಸಾಲ ಮಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಒಂದು ಕಂತು ತುಂಬಬಹುದು, ಎರಡು ತುಂಬಬಹುದು, ಅರ್ಧ ಕಂತು ಕೌಂಟರಿನವರು ಮುಟ್ಟುವುದಿಲ್ಲ. ಕಂತಿನ ಗಾತ್ರವನ್ನು ನಿರ್ಧರಿಸುವುದು ಬೆಳಕಿನ ಆವರ್ತನ, ಅಂದರೆ ಅದರ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅನ್ನುವುದು. ಆವರ್ತನವನ್ನು ಪ್ಲಾಂಕ್ ಸ್ಥಿರಾಂಕದಿಂದ ಗುಣಿಸಿದರೆ ಒಂದು ಕಂತು. ಆ ಸ್ಥಿರಾಂಕ ಸುಮಾರು 6.626×10⁻³⁴ ಜೂಲ್ ಸೆಕೆಂಡ್. ಇಷ್ಟು ಪುಟ್ಟದಾದ್ದರಿಂದಲೇ ಕಂತುಗಳು ನಮ್ಮ ಕಣ್ಣಿಗೆ ತಿಳಿಯುವುದಿಲ್ಲ. ಒಂದು ವ್ಯಾಟ್ ಹಸಿರು ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 2.8×10¹⁸ ಕಂತು ಬರುತ್ತವೆ.

ಆದರೆ ಹೋಲಿಕೆ ಒಂದು ಕಡೆ ಮುರಿಯುತ್ತದೆ, ನಿಮ್ಮ ಸಲಹೆ ಬೇಕಾದದ್ದು ಅಲ್ಲೇ. ಸಂಘದಲ್ಲಿ ಸಣ್ಣ ಸಣ್ಣ ಕಂತು ಕೂಡಿ ದೊಡ್ಡ ಸಾಲ ತೀರುತ್ತದೆ. ಸತುವಿನ ತಗಡಿನಿಂದ ಎಲೆಕ್ಟ್ರಾನ್ ಕೀಳಲು ಸುಮಾರು 4.3 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದಲ್ಲಿ ಶಕ್ತಿಯ ಅಳತೆ) ಬೇಕು. ಕೆಂಪು ಬೆಳಕಿನ ಒಂದು ಕಂತು ಸುಮಾರು 1.8. ಎಷ್ಟೇ ಪ್ರಖರವಾದ ಕೆಂಪು ದೀಪ ಹಿಡಿದರೂ ಎಲೆಕ್ಟ್ರಾನ್ ಹೊರಬರುವುದಿಲ್ಲ. ಒಂದು ಕಂತು 4.3 ದಾಟುವ ನೇರಳಾತೀತ ಬೆಳಕು ಮಂಕಾಗಿದ್ದರೂ ಸಾಕು, ಬರುತ್ತದೆ. ಅಲ್ಲಿ ಒಂದೇ ಕಂತಿಗೆ ಪೂರ್ತಿ ಸಾಲ ತೀರಬೇಕು. ಈ ಅಪವಾದವನ್ನು ಪಾಠದಲ್ಲೇ ಹೇಳಿದರೆ ಪದಕ್ಕೆ ತೊಂದರೆಯಿಲ್ಲ ಅಂತ ನನ್ನ ನಂಬಿಕೆ. ಹಾಗೆ ನೋಡಿದರೆ ಕ್ವಾಂಟಮ್ ಲೋಕದಲ್ಲಿ ಎಲ್ಲವೂ ಕಂತಲ್ಲ. ಪರಮಾಣುವಿಗೆ ಕಟ್ಟುಬಿದ್ದ ಎಲೆಕ್ಟ್ರಾನಿನ ಶಕ್ತಿ ಮೆಟ್ಟಿಲು ಮೆಟ್ಟಿಲು, ಬಿಡುಗಡೆಯಾದ ಎಲೆಕ್ಟ್ರಾನಿನದ್ದು ಎಷ್ಟಾದರೂ ಇರಬಹುದು. ಅದಕ್ಕೇ ಇಡೀ ಶಾಸ್ತ್ರದ ಹೆಸರನ್ನು ಕ್ವಾಂಟಮ್ ಅಂತಲೇ ಬಿಟ್ಟು, ‘ಕಂತು’ ಪದವನ್ನು ಪಾಲಿನ ಅರ್ಥದಲ್ಲಿ ಮಾತ್ರ ಬಳಸುವುದು ಒಳ್ಳೆಯದು.

(ಹಳಗನ್ನಡ ಓದಿದವರು ನಗಬೇಡಿ. ಕಂತು ಅಂದರೆ ಮನ್ಮಥ ಅಂತ ನನಗೂ ಗೊತ್ತು.)

ಎಲೆಕ್ಟ್ರಾನಿನಂಥ ಕಣಗಳಿಗೆ ಸಹಜವಾಗಿಯೇ ಇರುವ ‘ಸ್ಪಿನ್’ ಎಂಬ ಗುಣಕ್ಕೆ ‘ಗಿರಕಿ’ ಅಂತ ಬರೆದಿರುವುದನ್ನು ನೋಡಿದ್ದೇನೆ. ಕಿವಿಗೆ ಹಿತ, ತಲೆಗೆ ಅಪಾಯ. ಹುಡುಗರ ಕಣ್ಣ ಮುಂದೆ ಕೂಡಲೇ ಬುಗುರಿ ಬರುತ್ತದೆ. ಹೆಸರಿಟ್ಟವರ ಮನಸ್ಸಿನಲ್ಲೂ ಇದ್ದದ್ದು ಅಂಥದ್ದೇ ಚಿತ್ರ. 1925ರಲ್ಲಿ ಊಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಎಲೆಕ್ಟ್ರಾನ್ ತಿರುಗುತ್ತದೆ ಎಂದಾಗ, ಅದು ನಿಜಕ್ಕೂ ಉಂಡೆಯಾಗಿದ್ದರೆ ಅದರ ಮೇಲ್ಮೈ ಬೆಳಕಿಗಿಂತ ವೇಗವಾಗಿ ಓಡಬೇಕಾಗುತ್ತದೆ ಎಂಬ ಆಕ್ಷೇಪ ಬಂತು. ಎಲೆಕ್ಟ್ರಾನಿನ ಸ್ಪಿನ್ ಜೋರಾಗುವುದಿಲ್ಲ, ನಿಧಾನವಾಗುವುದಿಲ್ಲ, ನಿಲ್ಲುವುದೂ ಇಲ್ಲ. ಅಳೆದಾಗಲೆಲ್ಲ ಮೇಲೆ ಅಥವಾ ಕೆಳಗೆ, ಎರಡೇ ಉತ್ತರ. ಸ್ಟರ್ನ್ ಮತ್ತು ಗರ್ಲಾಕ್ 1922ರಲ್ಲೇ ಬೆಳ್ಳಿಯ ಪರಮಾಣುಗಳ ಹರಿವನ್ನು ಕಾಂತದ ನಡುವೆ ಬಿಟ್ಟು ಎರಡಾಗಿ ಸೀಳಿದ್ದನ್ನು ಕಂಡಿದ್ದರು. ಇದನ್ನೆಲ್ಲ ಹೇಳಿದ ಮೇಲೆ ‘ಗಿರಕಿ’ ಉಳಿಸಬೇಕೇ? ನನ್ನ ಒಲವು ‘ಸ್ಪಿನ್’ ಕಡೆಗೆ. ಅರ್ಥವಾಗದ ಪದ ಕೆಲವೊಮ್ಮೆ ತಪ್ಪು ಚಿತ್ರ ಕೊಡುವ ಪದಕ್ಕಿಂತ ಮೇಲು.

ಉಳಿದವು ಬೇಗ ಮುಗಿಯುತ್ತವೆ. ಕಣಗಳ ಒಂದು ವರ್ಗಕ್ಕೆ ಇಟ್ಟ ‘ಬೋಸಾನ್’ ವಿಜ್ಞಾನಿ ಸತ್ಯೇಂದ್ರನಾಥ ಬೋಸರ ಹೆಸರು, ಮುಟ್ಟುವುದೇ ಬೇಡ. 2012ರಲ್ಲಿ ಹಿಗ್ಸ್ ಬೋಸಾನ್ ಸಿಕ್ಕಾಗ ಎಲ್ಲೆಡೆ ಓಡಾಡಿದ ‘ದೇವಕಣ’ ನನಗೆ ಬೇಡ, ಪೂಜೆ ಯಾವಾಗ ಅಂತ ಕೇಳುತ್ತಾರೆ. ಪ್ರೋಟಾನಿನ ಒಳಗಿರುವಂಥ ಕಣಗಳಾದ ಕ್ವಾರ್ಕ್‌ಗಳ ಆರು ಜಾತಿಗೆ ಇಂಗ್ಲಿಷಿನವರು ‘ರುಚಿ’ ಅಂತ ಸುಮ್ನೆ ತಮಾಷೆಗೆ ಹೆಸರಿಟ್ಟರು. ನಾನು ‘ಬಗೆ’ ಅಂತ ಬರೆಯುತ್ತೇನೆ. ಅವುಗಳ ‘ಬಣ್ಣ’ವನ್ನು (ಅದು ಕಣ್ಣಿಗೆ ಕಾಣುವ ಬಣ್ಣವಲ್ಲ, ಒಂದು ಗುಣದ ಹೆಸರು) ಮಾತ್ರ ಹಾಗೇ ಇಡಬೇಕು. ಮೂರು ಬಣ್ಣ ಕೂಡಿದರೆ ಬಿಳಿ ಅನ್ನುವ ಮಾತು ಮೂರು ಕ್ವಾರ್ಕ್ ಕೂಡಿದ ಪ್ರೋಟಾನ್ ವಿವರಿಸಲು ಬೇಕೇ ಬೇಕು.

ಕೊನೆಗೆ ವ್ಯಾಕರಣದ ಒಂದು ಕೇಳಿಕೆ. ‘ಕಂತು’ ಒಪ್ಪಿದಿರಿ ಅಂತ ಇಟ್ಟುಕೊಳ್ಳಿ. ಶಕ್ತಿ ಹೀಗೆ ಪಾಲುಗಳಲ್ಲಿ ಇರುವುದಕ್ಕೆ ‘ಕಂತುಗಟ್ಟಿದ ಶಕ್ತಿ’ ಅನ್ನೋಣವೇ, ‘ಕಂತಾದ ಶಕ್ತಿ’ಯೇ? ನನಗೆ ಮೊದಲನೆಯದು ಹಿಡಿಸಿದೆ, ಹೆಪ್ಪುಗಟ್ಟು, ಸಾಲುಗಟ್ಟು ಇದ್ದ ಹಾಗೆ. ಬಾಗಲಕೋಟೆ, ವಿಜಯಪುರದ ಮೇಷ್ಟ್ರುಗಳು ತರಗತಿಯಲ್ಲಿ ಬೇರೆ ಪದ ಬಳಸುತ್ತಿದ್ದರೆ ದಯವಿಟ್ಟು ತಿಳಿಸಿ.